ಜವನಗೊಂಡನಹಳ್ಳಿಯ ಬೈಗುಳ ಆಫ್ರಿಕಾಕ್ಕೆ ಹೋದದ್ದು

ನಾನು ಹೊಳಲ್ಕೆರೆಯ ಹೈಸ್ಕೂಲೊಂದರಲ್ಲಿ ಕನ್ನಡ ಟೀಚರ್. ಶನಿವಾರ ಮಧ್ಯಾಹ್ನ ಮತ್ತು ಭಾನುವಾರ ಚಿತ್ರದುರ್ಗದ ರೇಡಿಯೋ ಕೇಂದ್ರದಲ್ಲಿ ತಾತ್ಕಾಲಿಕ ಉದ್ಘೋಷಕಿ. ಈ ‘ತಾತ್ಕಾಲಿಕ’ ಎಂಬ ಪದ ನನಗೆ ಅಂಟಿಕೊಂಡು ಹದಿನಾಲ್ಕು ವರ್ಷವಾಯಿತು. ನಮ್ಮ ಕೇಂದ್ರದಲ್ಲಿ ಅದಕ್ಕಿಂತ ಶಾಶ್ವತವಾದದ್ದು ಇನ್ನೊಂದನ್ನು ನಾನು ಕಂಡಿಲ್ಲ. ಶೇಂಗಾ ಗಿಡದ ಎಲೆಚುಕ್ಕೆ ರೋಗ, ಕುರಿಗಳ ಕಾಲುಬಾಯಿ ಜ್ವರ, ಬಾಣಂತಿಯರ ಆರೈಕೆ, ಎಲ್ಲವನ್ನೂ ಒಂದೇ ದನಿಯಲ್ಲಿ ಓದಬಲ್ಲವಳು ಎಂಬುದು ನನ್ನ ಖ್ಯಾತಿ. ಇಂಥ ದನಿಯನ್ನು ಯುದ್ಧರಂಗಕ್ಕೆ ಕಳಿಸಬೇಕು ಅಂತ ಯಾರಿಗಾದರೂ ಅನ್ನಿಸೀತು ಎಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ಅನ್ನಿಸಿದ್ದು ನಮ್ಮ ಕಾರ್ಯಕ್ರಮ ಅಧಿಕಾರಿಗೆ. ಅವರು ಕೇಂದ್ರಕ್ಕೆ ಹೊಸದಾಗಿ ವರ್ಗವಾಗಿ ಬಂದಿದ್ದರು. ಜೇಬಿನಲ್ಲಿ ಮೂರು ಪೆನ್ನು ಇಟ್ಟುಕೊಳ್ಳುತ್ತಿದ್ದರು, ಮೂರರಲ್ಲೂ ಆವೇಶ ತುಂಬಿರುತ್ತಿತ್ತು. ಆಫ್ರಿಕಾದ ಒಂದು ದೇಶದಲ್ಲಿ ಆಗ ಅಂತರ್ಯುದ್ಧ ನಡೆದಿತ್ತು. ಅಲ್ಲಿ ಶಾಂತಿ ಕಾಯಲು ಹೋದ ನಮ್ಮ ಸೇನೆಯ ತುಕಡಿಯಲ್ಲಿ ಜಿಲ್ಲೆಯ ಒಂದಿಬ್ಬರು ಹುಡುಗರಿದ್ದಾರೆ ಎಂಬ ಸುದ್ದಿ ಅವರಿಗೆ ಎಲ್ಲಿಂದಲೋ ಸಿಕ್ಕಿತ್ತು. ಈಗಂತೂ ನಮ್ಮ ಕೇಂದ್ರದ ಪ್ರಸಾರ ಮೊಬೈಲಿನ ಆ್ಯಪ್‌ನಲ್ಲಿ ಪ್ರಪಂಚದ ಯಾವ ಮೂಲೆಯಲ್ಲಾದರೂ ಕೇಳುತ್ತದೆ. ಹಾಗಾಗಿ ಪ್ರತಿ ಭಾನುವಾರ ಹನ್ನೊಂದಕ್ಕೆ ಅರ್ಧ ಗಂಟೆ, ಸಮುದ್ರದಾಚೆಯ ಯೋಧರಿಗಾಗಿ ಒಂದು ಕಾರ್ಯಕ್ರಮ.

“ಇದು ಯುದ್ಧಕಾಲ ಮೇಡಂ. ದನಿ ಸ್ವಲ್ಪ ಏರಿಸಬೇಕು” ಎಂದರು.

“ಯುದ್ಧ ಅವರದ್ದಲ್ವಾ ಸಾರ್? ನಮ್ಮೋರು ಹೋಗಿರೋದು ಶಾಂತಿ ಕಾಯೋಕೆ.”

“ಶಾಂತಿ ಕಾಯೋರಿಗೂ ಗುಂಡು ತಾಗುತ್ತೆ ಮೇಡಂ.”

ಆ ಮಾತು ನಿಜವಾದ್ದರಿಂದ ನಾನು ಒಪ್ಪಿಕೊಂಡೆ.

ಮೊದಲ ನಾಲ್ಕು ವಾರ ಅವರು ಬರೆದುಕೊಟ್ಟಿದ್ದನ್ನೇ ಓದಿದೆ. “ಎಲೈ ಕಲಿಯೇ, ನಿನ್ನ ನೆತ್ತರ ಕಾವಿನಲ್ಲಿ ಶತ್ರುವಿನ ಎದೆ ಕರಗಲಿ” ಎಂದು ಶುರು. ಅದರ ಹಿಂದೆ ನಗಾರಿ, ನಗಾರಿಯ ಹಿಂದೆ ವೀರಗೀತೆ, ವೀರಗೀತೆಯ ಹಿಂದೆ ಮತ್ತೆ ನಗಾರಿ. ಶಾಂತಿ ಕಾಯುವವನಿಗೆ ಶತ್ರು ಯಾರು ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಕೇಂದ್ರದ ವಾಟ್ಸಾಪ್ ನಂಬರಿಗೆ ಪ್ರತಿಕ್ರಿಯೆಗಳು ಬಂದವು. ಎಲ್ಲವೂ ಚಿತ್ರದುರ್ಗದ ನಿವೃತ್ತ ಮೇಷ್ಟರುಗಳಿಂದ. ಎಲ್ಲರಿಗೂ ರೋಮಾಂಚನವಾಗಿತ್ತು. ಯೋಧರ ಕಡೆಯಿಂದ ಒಂದು ಸೊಲ್ಲೂ ಇಲ್ಲ.

ನಾಲ್ಕನೆಯ ವಾರದ ಕಾರ್ಯಕ್ರಮ ಮುಗಿಸಿ ಕೇಂದ್ರದ ಎದುರು ಬಸ್ಸಿಗೆ ಕಾಯುತ್ತಿದ್ದಾಗ ವಾಟ್ಸಾಪಿನಲ್ಲಿ ಆಫ್ರಿಕಾದಿಂದ ಮೊದಲ ಧ್ವನಿ ಸಂದೇಶ ಬಂತು. ಕೇಂದ್ರದ ಫೋನು ಅವತ್ತು ನನ್ನ ಕೈಯಲ್ಲೇ ಇತ್ತು. ಹುಡುಗ ತನ್ನ ಹೆಸರು, ತಂದೆಯ ಹೆಸರು ಹೇಳಿದ, ಹಿರಿಯೂರು ತಾಲ್ಲೂಕು ಜವನಗೊಂಡನಹಳ್ಳಿ ಎಂದ.

“ಮೇಡಂ, ಇಲ್ಲಿ ನಾವು ಮೂವರು ಕನ್ನಡದೋರು ಅದೀವಿ. ನಿಮ್ ಕಾರ್ಯಕ್ರಮ ಒಂದು ವಾರನೂ ಬಿಟ್ಟಿಲ್ಲ. ಒಂದು ಮಾತು ಹೇಳ್ತೀನಿ, ಬೇಜಾರಾಗಬ್ಯಾಡ್ರಿ. ಇಲ್ಲಿ ಬೆಳಗಿಂದ ಸಂಜೆ ಗಂಟ ಢಂ ಢಂ ಅಂತಾನೇ ಇರ್ತೈತೆ. ಅದರ ಮ್ಯಾಲೆ ನೀವೂ ನಗಾರಿ ಬಡದ್ರೆ ಹೆಂಗ್ರಿ? ಮೊನ್ನೆ ನಿಮ್ ನಗಾರಿ ಕೇಳಿ ಹೊಸದುರ್ಗದೋನು ಮಂಚದ ಕೆಳಗೆ ನುಗ್ಗಿದ. ನೆತ್ತರ ಕಾವು ಬ್ಯಾಡ್ರಿ, ಇಲ್ಲಿ ಬಿಸ್ಲೇ ಸಾಕಾಗೈತೆ. ಹಿರಿಯೂರು ಬಸ್ ಸ್ಟ್ಯಾಂಡ್ನಾಗೆ ಕಂಡಕ್ಟ್ರು ಕೂಗ್ತಾರಲ್ಲ, ಅದನ್ನ ಒಂದೀಟು ಕೇಳಿಸ್ರಿ. ಸಾಕು.”

ಸಂದೇಶ ಇನ್ನೂ ಎರಡು ನಿಮಿಷ ಉಳಿದಿತ್ತು. ಅಷ್ಟರಲ್ಲಿ ಹೊಳಲ್ಕೆರೆ ಬಸ್ಸು ಬಂತು. ಫೋನನ್ನು ಓಡಿಹೋಗಿ ಕಚೇರಿಯಲ್ಲಿಟ್ಟು ಬಸ್ಸು ಹತ್ತಿದೆ. ಮಿಕ್ಕಿದ್ದನ್ನು ಮತ್ತೆ ಕೇಳಿದರಾಯಿತು ಎಂದುಕೊಂಡವಳು ಕೇಳಲೇ ಇಲ್ಲ. ಮುಂದೆ ನಡೆದದ್ದಕ್ಕೆಲ್ಲ ನನ್ನ ಈ ಸೋಮಾರಿತನವೇ ಕಾರಣ, ಇನ್ನಾರೂ ಅಲ್ಲ.

ಮುಂದಿನ ಶನಿವಾರ ರೆಕಾರ್ಡರ್ ಹಿಡಿದು ಹಿರಿಯೂರಿಗೆ ಹೋದೆ. ಬಸ್ ಸ್ಟ್ಯಾಂಡಿನಲ್ಲಿ ನಿಂತು ಮೈಕು ಚಾಚಿದೆ. ಬೇಕಾದದ್ದೆಲ್ಲ ತಾನಾಗಿ ಬಂದು ಬಿತ್ತು. ಸೌತೆಕಾಯಿ ಮಾರುವವಳ ಕೂಗು, ಬ್ರೇಕಿನ ಕಿರುಚಾಟ, ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದವನಿಗೆ ಒಬ್ಬಾಕೆ “ಟವೆಲ್ ಹಾಕಿದ್ರೆ ಬಸ್ಸು ನಿಮ್ಮಪ್ಪಂದಾ?” ಎಂದು ಕೇಳಿದ್ದು, ಎಲ್ಲ. ಒಬ್ಬ ಕಂಡಕ್ಟರ್ ನನ್ನನ್ನೇ ದಿಟ್ಟಿಸಿ ಬಂದ.

“ಏನ್ರಿ ಮೇಡಂ, ನಮ್ ಮ್ಯಾಲೆ ಕಂಪ್ಲೇಂಟಾ?”

“ಇಲ್ಲಪ್ಪ. ಇದನ್ನ ಆಫ್ರಿಕಾಕ್ಕೆ ಕಳಿಸಬೇಕು.”

ಅವನು ಒಂದು ಕ್ಷಣ ಯೋಚಿಸಿದ. “ಆಫ್ರಿಕಾಕ್ಕೆ ಡೈರೆಕ್ಟ್ ಬಸ್ ಇಲ್ರಿ. ಶಿರಾದಾಗೆ ಇಳಿದು ವಿಚಾರಿಸ್ಕಳ್ರಿ” ಎಂದು ಹೇಳಿ, ಶಿಳ್ಳೆ ಹೊಡೆದು ಹೊರಟುಹೋದ.

ಆ ಭಾನುವಾರ ಅಧಿಕಾರಿ ರಜೆಯಲ್ಲಿದ್ದರು. ಇಂಥ ಅವಕಾಶ ತಾತ್ಕಾಲಿಕದವರಿಗೆ ಪದೇಪದೇ ಸಿಗುವುದಿಲ್ಲ. ಏಳು ನಿಮಿಷ ಬಸ್ ಸ್ಟ್ಯಾಂಡನ್ನು ಹಾಗೇ ಪ್ರಸಾರ ಮಾಡಿದೆ. ಆ ಖುಷಿಯಲ್ಲೇ ದನಿ ಏರಿಸಿ ಹೇಳಿದೆ: “ಆಫ್ರಿಕಾದಲ್ಲಿ ಗುಂಡಿನ ಮಳೆಯ ನಡುವೆ ಸೇವೆ ಸಲ್ಲಿಸುತ್ತಿರುವ ಜವನಗೊಂಡನಹಳ್ಳಿಯ ನಮ್ಮ ಹೆಮ್ಮೆಯ ಯೋಧನ ಕೋರಿಕೆ ಇದು.” ಹೆಸರನ್ನೂ ಹೇಳಿದೆ, ಅವನ ತಂದೆಯ ಹೆಸರನ್ನೂ ಹೇಳಿದೆ. ನನ್ನ ದನಿ ಅಷ್ಟು ಚೆನ್ನಾಗಿ ಏರಿದ್ದು ಹದಿನಾಲ್ಕು ವರ್ಷದಲ್ಲಿ ಅದೇ ಮೊದಲು.

ಮರು ಶನಿವಾರ ನಾನು ಕೇಂದ್ರಕ್ಕೆ ಹೋದಾಗ ಗೇಟಿನಲ್ಲಿ ಜಗಳ ನಡೆದಿತ್ತು. ಐವತ್ತೈದರ ಆಸುಪಾಸಿನ ಹೆಂಗಸು, ಹೆಗಲಿಗೆ ಕಂಬಳಿ, ಕೈಯಲ್ಲಿ ಕುರಿ ಕಾಯುವ ಕೋಲು. ಕೋಲು ಹೊರಗೇ ಬಿಡಬೇಕು ಎಂದು ಕಾವಲುಗಾರ ಹೇಳುತ್ತಿದ್ದ.

“ತಗಾ, ಇಟ್ಕ. ಕೋಲಿಲ್ದಿದ್ರೂ ಕೈ ಅವೆ ನಂಗೆ” ಎಂದು ಅದನ್ನು ಅವನ ಕೈಗೆ ತುರುಕಿ ಒಳಗೆ ಬಂದಳು. “ಹೋದ ಆದಿತ್ಯವಾರ ರೇಡಿಯೋದಾಗೆ ಒದರಿದೋಳು ಯಾರು?”

ಸುತ್ತ ನೋಡಿದೆ. ತೋರಿಸಲು ಬೇರೆ ಯಾರೂ ಇರಲಿಲ್ಲ. “ನಾನೇ ಕಣಮ್ಮ.”

“ನನ್ ಮಗ ಎಲ್ಲವ್ನೆ ಅಂದೆ?”

“ಆಫ್ರಿಕಾದಲ್ಲಿ...”

“ಸುಳ್ಳು. ಅವ್ನು ಜಲಂಧರ್‌ನಾಗೆ ಅವ್ನೆ. ಅಕ್ಕಿ ಬೇಳೆ ಸ್ಟೋರ್ ನೋಡ್ಕಂತಾನೆ. ವಾರಕ್ಕೊಂದ್ಸತಿ ಫೋನ್ ಮಾಡಿ, ಅವ್ವ ಚಳಿ ತಡ್ಯಾಕಾಗಲ್ಲ ಅಂತಾನೆ. ನೀನ್ಯಾವ ಸೀಮೆ ಗುಂಡಿನ ಮಳೆ ಹುಯ್ಸಿದ್ದು ಅವನ ಮ್ಯಾಲೆ?”

ಕುರಿಗಳ ಹಿಂದೆ ಹೋಗುವಾಗ ಕೊರಳಿಗೆ ಸಣ್ಣ ರೇಡಿಯೋ ನೇತುಹಾಕಿಕೊಳ್ಳುವ ಅಭ್ಯಾಸ ಅವಳಿಗೆ. ಅವಳು ಹುಣಸೆ ಮರದ ಕೆಳಗೆ ಕೂತು ಬುತ್ತಿ ಬಿಚ್ಚುತ್ತಿದ್ದಾಗ ನಾನು ಅವಳ ಮಗನನ್ನು ಯುದ್ಧಕ್ಕೆ ಕಳಿಸಿದ್ದೆ.

ನಾನು ಕೇಂದ್ರದ ಫೋನು ತಂದು ಆ ಸಂದೇಶವನ್ನು ಅವಳ ಮುಂದೆ ಹಾಕಿದೆ. ಮಗನ ದನಿ ಎಂದು ಗೊತ್ತಾದ ಕೂಡಲೇ ಅವಳು ಫೋನಿನ ಹತ್ತಿರ ಬಗ್ಗಿದಳು. ಬಸ್ ಸ್ಟ್ಯಾಂಡಿನ ಮಾತು ಮುಗಿಯಿತು. ನಾನು ಕೇಳದೆ ಬಿಟ್ಟಿದ್ದ ಆ ಎರಡು ನಿಮಿಷ ಶುರುವಾಯಿತು.

“ಇನ್ನೊಂದು ಮೇಡಂ. ನಾನಿಲ್ಲಿರೋದು ನಮ್ಮವ್ವಂಗೆ ಗೊತ್ತಿಲ್ಲ. ಜಲಂಧರ್ ಅಂತ ಹೇಳೀನಿ. ಅಪ್ಪ ಹೋದಮ್ಯಾಲೆ ಅವಳು ಭಾಳ ಗಾಬರಿ ಬೀಳ್ತಾಳೆ. ಬಿಡದಂಗೆ ರೇಡಿಯೋ ಬ್ಯಾರೆ ಕೇಳ್ತಾಳೆ. ನನ್ ಹೆಸ್ರು, ಊರು ಮಾತ್ರ ಹೇಳಬ್ಯಾಡ್ರಿ. ಕೈ ಮುಗೀತೀನಿ.”

ಇಬ್ಬರೂ ಒಟ್ಟಿಗೇ ಮೊದಲ ಸಲ ಕೇಳಿದೆವು. ಅವಳು ಬೆಂಚಿನ ಮೇಲೆ ಕೂತಳು. ನೀರು ತಂದುಕೊಟ್ಟೆ, ಮುಟ್ಟಲಿಲ್ಲ.

“ಚಳಿ ಅಂದನಲ್ಲ ಅಂತ ಕಂಬಳಿ ನೇಯ್ಸಿ ಕಳ್ಸಿದ್ದೆ” ಎಂದಳು. “ಹೊದ್ಕಂಡು ಮಲಗ್ತೀನಿ ಅವ್ವ, ಬೆಚ್ಚಗೈತೆ ಅಂದಿದ್ದ.”

“ತಪ್ಪು ನಂದು ಕಣಮ್ಮ. ಪೂರ್ತಿ ಕೇಳದೆ ಹೇಳಿಬಿಟ್ಟೆ.”

“ನಿಂದು ಆಮ್ಯಾಕೆ ನೋಡಾಣ” ಎಂದು ಎದ್ದಳು. “ಮೊದ್ಲು ಅವಂದು. ಆ ಮೈಕು ಎಲ್ಲೈತೆ? ಫೋನ್ನಾಗೆ ಬೈದ್ರೆ ಸಿಗ್ನಲ್ ಇಲ್ಲ ಅಂತ ಕಟ್ ಮಾಡ್ತಾನೆ. ರೇಡಿಯೋದಾಗೆ ಬೈದ್ರೆ ಏನ್ ಮಾಡ್ತಾನೆ ನೋಡಾಣ.”

ರಜೆ ಮುಗಿಸಿ ಬಂದಿದ್ದ ಅಧಿಕಾರಿ ಆ ಹೊತ್ತಿಗೆ ಬಸ್ ಸ್ಟ್ಯಾಂಡಿನ ವಿಷಯದಲ್ಲಿ ನನ್ನನ್ನು ಗದರಿಸಲು ಸಿದ್ಧವಾಗಿದ್ದರು. ಆದರೆ ಯೋಧನ ತಾಯಿ ಬಂದಿದ್ದಾಳೆ ಎಂದು ಕೇಳಿದ್ದೇ ಅವರ ಮುಖ ಅರಳಿತು. ವೀರಮಾತೆ! ಮೂರು ಪೆನ್ನಿನಲ್ಲಿ ಒಂದನ್ನು ಕಿತ್ತು ಅಲ್ಲೇ ಒಂದು ಪುಟ ಬರೆದರು. ಅವಳಿಗೆ ಓದು ಬಾರದು ಎಂದು ತಿಳಿದು, ತಾವೇ ಓದಿ ಹೇಳಿಕೊಟ್ಟರು. “ಮಗನೇ, ನೀನು ಈ ಕೋಟೆ ನಾಡಿನ ಕಣ್ಮಣಿ. ನಿನ್ನಂಥ ಪುತ್ರನನ್ನು ಹೆತ್ತ ನನ್ನ ಒಡಲು ಧನ್ಯ.”

ಅವಳು ಗಮನವಿಟ್ಟು ಕೇಳಿದಳು. “ಇದು ಯಾರ ಮಗಂಗೆ ಸ್ವಾಮಿ?”

“ನಿಮ್ಮ ಮಗನಿಗೇ ಅಮ್ಮ.”

“ನನ್ ಮಗಂಗೆ ಹಿಂಗಂದ್ರೆ ಅವ್ವಂಗೆ ತಲೆ ಕೆಟ್ಟೈತೆ ಅಂತ ರಜಾ ಹಾಕಿ ಬತ್ತಾನೆ.”

ಆ ರಾತ್ರಿ ಅವಳು ಸಿರಿಗೆರೆಯ ತಂಗಿಯ ಮನೆಗೆ ಹೋಗಿದ್ದು, ಭಾನುವಾರ ಹತ್ತಕ್ಕೇ ಬಂದು ಸ್ಟುಡಿಯೋದಲ್ಲಿ ಕೂತಳು. ಕಾರ್ಯಕ್ರಮ ನೇರ ಪ್ರಸಾರ. ಅಧಿಕಾರಿ ಗಾಜಿನ ಆಚೆ ನಿಂತಿದ್ದರು. ನಾನು ಎರಡು ವಾಕ್ಯ ಹೇಳಿ ಮೈಕನ್ನು ಅವಳ ಕಡೆ ತಿರುಗಿಸಿದೆ. ಅವಳು ಅದನ್ನು ಮೂಗಿಗೆ ತಾಗುವಷ್ಟು ಹತ್ತಿರ ಎಳೆದುಕೊಂಡಳು.

“ಲೇ, ಕೇಳ್ತೈತೇನ್ಲಾ? ಕೇಳ್ತೈತೆ, ನಾಟ್ಕ ಮಾಡಬ್ಯಾಡ. ಜಲಂಧರ್‌ನಾಗೆ ಚಳಿ ಹೆಂಗೈತೆ? ಆ ಕಂಬಳಿಗೆ ಉಣ್ಣೆ ಹಿಂಜಿ ಹಿಂಜಿ ನನ್ ಬೆರಳೆಲ್ಲ ಕಿತ್ತೋದ್ವು, ಬಿಸ್ಲಾಗೆ ಹೊದ್ಕಂಡು ಬೇಯ್ಕ ಈಗ. ಹೆಣ್ಣಿನ ಮನೆಯೋರಿಗೆ ಹುಡ್ಗ ಸ್ಟೋರ್ನಾಗವ್ನೆ ಅಂತ ಹೇಳಿ ಬಂದೀನಿ. ಅವ್ರು ಕೇಳಿದ್ರೆ ಏನಂತ ಹೇಳ್ಲಿ, ಸ್ಟೋರು ಆಫ್ರಿಕಾಕ್ಕೆ ಹೋತು ಅನ್ಲಾ? ಬಾ ನೀನು ಮನೆಗೆ, ಐತೆ ನಿಂಗೆ.”

ಗಾಜಿನ ಆಚೆ ಅಧಿಕಾರಿ ಎರಡೂ ಕೈ ಆಡಿಸುತ್ತಿದ್ದರು. ನಾನು ಕಾಣದವಳ ಹಾಗೆ ಕಾಗದ ನೋಡುತ್ತ ಕೂತೆ. ಅವಳು ಉಸಿರು ತೆಗೆದುಕೊಂಡಳು. ದನಿ ಸ್ವಲ್ಪ ಇಳಿಯಿತು.

“ನೋಡು ಮಗ. ಗುಂಡು ಗಿಂಡು ಬಂದ್ರೆ ಮುಂದೆ ನಿಂತ್ಕಬ್ಯಾಡ. ತಲೆ ತಗ್ಸು. ನಮ್ ವಂಶದಾಗೆ ಎದೆ ಸೆಟ್ಸಿ ನಡೆದೋರು ಒಬ್ರೂ ಇಲ್ಲ, ನೀನು ಶುರು ಮಾಡಬ್ಯಾಡ. ನಿನ್ ಜೊತೆ ಇರೋ ಹುಡುಗ್ರಿಗೂ ಹೇಳು. ಅವ್ರ ಅವ್ವಂದಿರೂ ಇದ್ನೇ ಹೇಳ್ತಾರೆ, ಅವ್ರಿಗೆ ಮೈಕು ಸಿಕ್ಕಿಲ್ಲ ಅಷ್ಟೆ. ಬಿಳಿ ಕಾಲಿನ ಕುರಿ ಅವಳಿ ಮರಿ ಹಾಕೈತೆ. ಹೊತ್ತೊತ್ತಿಗೆ ಉಣ್ಣು.”

ಕೊನೆಗೆ, ಹೇಳುವುದೆಲ್ಲ ಮುಗಿದ ಮೇಲೆ, ಚೆದುರಿದ ಕುರಿಗಳನ್ನು ಕರೆಯುವ ಕೂಗು ಹಾಕಿದಳು. ಯಾಕೆ ಹಾಕಿದಳೋ ಅವಳಿಗೂ ಗೊತ್ತಿರಲಿಕ್ಕಿಲ್ಲ. ಬಯಲಿನಲ್ಲಿ ಎರಡು ಮೈಲಿ ಹೋಗುವ ದನಿ ಅದು. ದನಿಯ ಮಟ್ಟ ತೋರಿಸುವ ಯಂತ್ರದ ಮುಳ್ಳು ಕೆಂಪಿಗೆ ಹೋಗಿ ಅಲ್ಲೇ ನಿಂತಿತು.

ಮೇಲಿನ ಕಚೇರಿಯಿಂದ ವಿವರಣೆ ಕೇಳಿ ಪತ್ರ ಬಂತು. ಯೋಧರಿಗೆ ತಲೆ ತಗ್ಗಿಸಲು ಕರೆ ನೀಡಿದ್ದು ಯಾವ ನೀತಿಯ ಅನ್ವಯ? ಅಧಿಕಾರಿಯ ಮೂರು ಪೆನ್ನೂ ಒಣಗಿದವು. ಕನ್ನಡ ಟೀಚರ್ ಆದ ನಾನೇ ಉತ್ತರ ಬರೆದೆ: ಗುಂಡಿನ ದಾಳಿಯ ಸಂದರ್ಭದಲ್ಲಿ ತಲೆ ತಗ್ಗಿಸುವುದು ಸೈನಿಕ ತರಬೇತಿಯ ಪ್ರಾಥಮಿಕ ಪಾಠವಾಗಿದ್ದು, ಸದರಿ ತಾಯಿಯವರು ಅದನ್ನು ಸರಳ ಗ್ರಾಮೀಣ ಭಾಷೆಯಲ್ಲಿ ನೆನಪಿಸಿರುತ್ತಾರೆ. ಮೇಲಿನವರಿಗೆ ಒಪ್ಪಿಗೆಯಾಯಿತು. ‘ಸದರಿ’ ಮತ್ತು ‘ಇರುತ್ತಾರೆ’ ಇದ್ದರೆ ಯಾವ ಮಾತೂ ಕಡತದೊಳಗೆ ತೂರುತ್ತದೆ.

ನಗುವುದು ಅಲ್ಲಿಗೆ ನಿಂತಿತು. ಆ ವಾರವೇ ಹುಡುಗರಿದ್ದ ಪಟ್ಟಣದಲ್ಲಿ ದೊಡ್ಡ ಕಾಳಗ ಹತ್ತಿತು. ಟೀವಿಯಲ್ಲಿ ಹೊಗೆ ಎರಡು ಸೆಕೆಂಡು ಕಂಡು ಮಾಯವಾಯಿತು. ಫೋನು ಇಲ್ಲ, ಸಂದೇಶ ಇಲ್ಲ. ನಾವು ಕಳಿಸಿದ್ದಕ್ಕೆ ಮೂಡುತ್ತಿದ್ದ ನೀಲಿ ಗೆರೆಗಳೂ ಇಲ್ಲ.

ಮರು ಭಾನುವಾರ ತಾಯಿ ಬಂದಳು. ಅದರ ಮರು ಭಾನುವಾರವೂ ಬಂದಳು. ಗೇಟಿನವನು ಈಗ ಕೋಲನ್ನು ಕೇಳುತ್ತಿರಲಿಲ್ಲ. “ಅವನಿಗೆ ಕೇಳ್ತೈತೇನವ್ವ?” ಎಂದು ನನ್ನನ್ನು ಕೇಳಿದಳು. “ಗೊತ್ತಿಲ್ಲಮ್ಮ” ಎಂದೆ. ಸುಳ್ಳು ಹೇಳುವ ಸರದಿ ನನಗೆ ಬೇಡವಾಗಿತ್ತು. ಅವಳು ಮೈಕನ್ನು ಹತ್ತಿರಕ್ಕೆ ಎಳೆದುಕೊಂಡು, “ಕೇಳ್ದಿದ್ರೂ ಮಾತಾಡಾಣ” ಎಂದಳು. ಮಾತಾಡಿದಳು. ಬೈಯಲಿಲ್ಲ. ಉಣ್ಣೆ ಕತ್ತರಿಸಿದ್ದು, ಅವಳಿ ಮರಿಗಳಲ್ಲಿ ಒಂದು ಹಾಲು ಕುಡಿಯದೆ ಹಟ ಮಾಡಿದ್ದು, ಅವತ್ತು ಮಾಡಿದ ಹುರುಳಿ ಸಾರು. ನಾನು ಮುಂದಿನ ಹಾಡು ಯಾವುದು ಎಂದು ಹೇಳದೆ ಹಾಗೇ ಹಾಕಿಬಿಟ್ಟೆ.

ಅಧಿಕಾರಿ ಆ ದಿನಗಳಲ್ಲಿ ಏನೂ ಬರೆಯಲಿಲ್ಲ. ಒಂದು ಶನಿವಾರ ನಾನು ಬರುವ ಹೊತ್ತಿಗೆ ರೆಕಾರ್ಡರೂ ಇರಲಿಲ್ಲ, ಅವರೂ ಇರಲಿಲ್ಲ. ಮಧ್ಯಾಹ್ನ ಮೂರಕ್ಕೆ ಬೆವರುತ್ತ ಬಂದರು. ಶರ್ಟಿನ ತೋಳು ಹರಿದಿತ್ತು. ಹುಡುಗರಿಗೆ ಊರಿನ ಸದ್ದು ಬೇಕಂತಲ್ಲ ಎಂದು ಚಂದ್ರವಳ್ಳಿಗೆ ಹೋಗಿ ಕೋತಿಗಳ ಮುಂದೆ ಮೈಕು ಹಿಡಿದಿದ್ದರು. ಒಂದು ಕೋತಿ ಮೈಕಿನ ಸ್ಪಂಜು ಕಿತ್ತುಕೊಂಡು, ತಿಂದು ನೋಡಿ, ಇಷ್ಟವಾಗದೆ ಅವರ ಮೇಲೇ ಉಗುಳಿತ್ತು. ಆ ಗಲಾಟೆಯಲ್ಲಿ ಅಧಿಕಾರಿಯ ಬಾಯಿಂದ ಹೊರಟ ಮಾತುಗಳೆಲ್ಲ ರೆಕಾರ್ಡ್ ಆಗಿದ್ದವು. ಅವು ಯಾವ ವೀರಗೀತೆಯಲ್ಲೂ ಬರುವಂಥವಲ್ಲ. ಎರಡನ್ನು ಮಾತ್ರ ಕತ್ತರಿಸಿ ಉಳಿದದ್ದನ್ನು ಪ್ರಸಾರ ಮಾಡಿದೆವು. ಕಾರ್ಯಕ್ರಮ ನಡೆವಾಗ ತಾಯಿ ಬಾಯಿಗೆ ಸೆರಗು ಹಿಡಿದು ನಕ್ಕಳು. ಮೂರು ವಾರದಲ್ಲಿ ಅದೊಂದೇ ಸಲ.

ಬುಧವಾರ ಒಂಬತ್ತನೆಯ ತರಗತಿಗೆ ಸಂಧಿ ಪಾಠ ಮಾಡುತ್ತಿದ್ದೆ. ಅಧಿಕಾರಿಯ ಫೋನು. ತರಗತಿಯ ನಡುವೆ ಫೋನು ಎತ್ತಬಾರದು ಎಂದು ಮಕ್ಕಳಿಗೆ ದಿನಾ ಹೇಳುವ ನಾನು ಹಲಗೆಯ ಮುಂದೇ ಎತ್ತಿದೆ. “ಕಳಿಸಿದ್ದೀನಿ, ಕೇಳಿ” ಎಂದಷ್ಟೇ ಹೇಳಿದರು. ಹೊರಗೆ ಬಂದು, ಈ ಸಲ ಕೊನೆಯ ಅಕ್ಷರದವರೆಗೂ ಕೇಳಿದೆ.

“ಮೇಡಂ, ಬದುಕೀವಿ. ಟವರ್ ಬಿದ್ದೋಗಿತ್ತು. ಹದಿನೇಳು ದಿನ ಮಣ್ಣಿನ ಚೀಲದ ಹಿಂದೆ ಕುಂತಿದ್ವಿ. ಅವ್ವ ಬೈದಿದ್ದನ್ನ ಹೊಸದುರ್ಗದೋನು ರೆಕಾರ್ಡ್ ಮಾಡಿ ಇಟ್ಕಂಡಿದ್ದ. ಬ್ಯಾರೆ ಏನೂ ಇರ್ಲಿಲ್ಲ, ಅದ್ನೇ ಹಾಕಿ ಹಾಕಿ ಕೇಳಿದ್ವಿ. ಪಂಜಾಬಿಗಳು, ಗೂರ್ಖಾಗಳು ಎಲ್ಲಾ ಅರ್ಥ ಹೇಳಿಸ್ಕಂಡ್ರು. ಹವಾಲ್ದಾರ್‌ಗೆ ಬಾಯಿಪಾಠ ಆಗೈತೆ. ಗುಂಡಿನ ಸದ್ದು ಬಂದ್ರೆ ‘ತಲೆ ತಗ್ಸು’ ಅಂತ ಕನ್ನಡದಾಗೇ ಕೂಗ್ತಾನೆ. ಹೊಸದುರ್ಗದೋನಿಗೆ ತೊಡೆಗೆ ಗುಂಡು ತಾಕೈತೆ, ಆಸ್ಪತ್ರೆನಾಗವ್ನೆ. ಅವ್ವ ತಲೆ ಅಂದ್ಲು, ಕಾಲಿಂದು ಹೇಳ್ಲೇ ಇಲ್ಲ ಅಂತ ನಗ್ತಾನೆ. ಅವ್ವಂಗೆ ನೀವೇ ಹೇಳಿಬಿಡ್ರಿ ಮೇಡಂ. ನಂಗೆ ಹೆದ್ರಿಕೆ.”

ತಾಯಿಗೆ ಫೋನು ಮಾಡಿದೆ. “ಮಗ ಚೆನ್ನಾಗಿದಾನಮ್ಮ, ಈಗ ತಾನೇ ಮಾತಾಡಿ ಕಳಿಸಿದ” ಎಂದೆ. ಕುರಿಗಳ ಸದ್ದು ಕೇಳುತ್ತಿತ್ತು, ಯಾರೋ ತಮ್ಮ ಹೊಲಕ್ಕೆ ಕುರಿ ನುಗ್ಗಿತೆಂದು ಕೂಗಾಡುವುದು ಕೇಳುತ್ತಿತ್ತು. ಅವಳು ಕುರಿಗಳನ್ನು ಕರೆಯಲಿಲ್ಲ, ಆ ಮನುಷ್ಯನಿಗೆ ಉತ್ತರವನ್ನೂ ಕೊಡಲಿಲ್ಲ. ಬಹಳ ಹೊತ್ತಿನ ಮೇಲೆ, “ನಿಂದು ಬಾಕಿ ಐತೆ ಅಂದಿದ್ನಲ್ಲ ಅವತ್ತು” ಎಂದಳು. “ಹೂಂ ಅಮ್ಮ.” “ಬಿಡತ್ಲಾಗೆ” ಎಂದು ಇಟ್ಟಳು.

ತುಕಡಿ ವಾಪಸಾದಾಗ ಕಾರ್ಯಕ್ರಮವೂ ನಿಂತಿತು. ಕೇಳುವವರೇ ಊರಿಗೆ ಬಂದ ಮೇಲೆ ಸಮುದ್ರದಾಚೆ ಯಾರಿಗೆ ಓದುವುದು? ನಾನು ಮತ್ತೆ ಎಲೆಚುಕ್ಕೆ ರೋಗಕ್ಕೆ ಮರಳಿದೆ. ರಜೆಯ ಮೇಲೆ ಬಂದ ಹುಡುಗ ನನ್ನನ್ನೂ ಅಧಿಕಾರಿಯನ್ನೂ ಊಟಕ್ಕೆ ಕರೆದ. ಒಂದು ಭಾನುವಾರ ಮಧ್ಯಾಹ್ನ ಜವನಗೊಂಡನಹಳ್ಳಿಗೆ ಹೋದೆವು. ದನಿ ಕೇಳಿ ಆಜಾನುಬಾಹುವನ್ನು ಊಹಿಸಿಕೊಂಡಿದ್ದೆ. ಎದುರು ಬಂದವನು ನನ್ನ ಭುಜದಷ್ಟಿದ್ದ, ಬಿಸಿಲಿಗೆ ಕರಕಲಾಗಿದ್ದ.

“ಬರ್ರಿ ಮೇಡಂ, ಕುಂತ್ಕಳ್ರಿ” ಎಂದ. ಕ್ಷಮೆ ಕೇಳಬೇಕೆಂದು ದಾರಿಯುದ್ದಕ್ಕೂ ವಾಕ್ಯ ಜೋಡಿಸಿಕೊಂಡು ಬಂದಿದ್ದೆ. ಬಾಯಿ ತೆರೆಯುವ ಮೊದಲೇ ಅವನು, “ಎರಡು ದಿನ ನಿಮ್ಮನ್ನ ಬಾಯಿಗೆ ಬಂದಂಗೆ ಬೈದೆ ಮೇಡಂ, ಏನಂದ್ಕಬ್ಯಾಡ್ರಿ. ಆಮ್ಯಾಕೆ ಹಗೂರಾತು. ದಿನಾ ಹೊಸ ಸುಳ್ಳು ಎಲ್ಲಿಂದ ತರ್ಲಿ?” ಎಂದ.

ಊಟಕ್ಕೆ ಮುದ್ದೆ, ಕುರಿ ಸಾರು. ಅಧಿಕಾರಿ ಎರಡನೆಯ ಮುದ್ದೆಗೆ ಕೈ ಹಾಕಿ, ಕಾಳಗದ ದಿನಗಳ ಬಗ್ಗೆ ಹೇಳಪ್ಪ ಎಂದು ಒತ್ತಾಯ ಮಾಡಿದರು. ಹುಡುಗ ಕಟ್ಟೆಯ ಮೇಲೆ ಗೋಡೆಗೆ ಒರಗಿ ಕೂತು ಹೇಳತೊಡಗಿದ. ಮಣ್ಣಿನ ಚೀಲ, ನೀರಿನ ಟ್ಯಾಂಕರು, ಹವಾಲ್ದಾರನ ಗೊರಕೆ. ಮೂರು ವಾಕ್ಯ ಹೇಳಿದ. ನಾಲ್ಕನೆಯದರ ನಡುವೆ ಅವನ ಕತ್ತು ವಾಲಿತು. ನಿದ್ದೆ ಹೋಗಿದ್ದ.

“ಆಮೇಲೆ ಏನಾಯ್ತಪ್ಪ?” ಎಂದು ಅಧಿಕಾರಿ ಬಗ್ಗಿದರು.

“ಶ್ಶ್!” ತಾಯಿ ಒಳಗಿನಿಂದ ಓಡಿ ಬಂದಳು. “ಬಂದು ಎಂಟು ದಿನ ಆತು, ರಾತ್ರೆಲ್ಲ ಎದ್ದು ಕುಂತಿರ್ತಾನೆ, ಕಣ್ಣು ಮುಚ್ಚಿದ್ದು ಇವತ್ತೇ. ಇಬ್ರೂ ಬಾಯಿ ಮುಚ್ಕಂಡು ಕುಂತ್ಕಳ್ರಿ.”

ಕುಂತೆವು. ಅವಳು ಸಾರಿನ ಕೈಯಲ್ಲೇ ಹೊಸ್ತಿಲ ಮೇಲೆ ಕೂತು, ಹತ್ತಿರ ಬಂದ ಕೋಳಿಯನ್ನು ಸದ್ದಿಲ್ಲದೆ ಓಡಿಸಿದಳು. ಅಧಿಕಾರಿಗೆ ಬಿಕ್ಕಳಿಕೆ ಬಂತು. ಅವರು ಅಂಗೈಯಿಂದ ಬಾಯಿ ಒತ್ತಿ ಹಿಡಿದು, ಕಣ್ಣಲ್ಲಿ ನೀರು ತಂದುಕೊಂಡು, ಒಂದು ಗಂಟೆ ಹಾಗೆಯೇ ಕೂತಿದ್ದರು.